ಬೊಂತೆಯ ಬೂದಿ

ಹೋದ ತಿಂಗಳು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತ ನಿಂತಿದ್ದೆ. ಚಿನ್ನದ ಗಣಿಯ ಕಡೆಗೆ ಹೋಗುವ ಸಣ್ಣ ಗಾಡಿ ಎಂದಿನಂತೆ ತಡ. ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ಇಬ್ಬರು ಕೂಲಿಗಳು ಕಸ ಗುಡ್ಡೆಹಾಕಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. ಕಸದಲ್ಲಿ ಒಂದು ಹರಕು ಕಂಬಳಿಯ ತುಂಡೂ ಇತ್ತು. ಉಣ್ಣೆ ಸುಟ್ಟರೆ ಕೂದಲು ಸುಟ್ಟ ಹಾಗೆಯೇ ನಾರುತ್ತದೆ. ಆ ನಾತ ಮೂಗಿಗೆ ಬಡಿದದ್ದೇ ನನಗೆ ಕಾಲು ಕಿತ್ತಿಡಲಾಗಲಿಲ್ಲ. ಟಿಕೇಟು ಕೈಯಲ್ಲಿ ಹಿಡಿದುಕೊಂಡೇ ಗಾಡಿ ಬಂದದ್ದನ್ನೂ ಹೋದದ್ದನ್ನೂ ನೋಡಿದೆ.

ಆ ಚಳಿಗಾಲದ ವಿಷಯ ಬರೆಯಬೇಕೆಂದು ಹಿಂದೆಯೂ ಕೂತಿದ್ದೇನೆ. ಪ್ರತಿ ಸಲ ಮೊದಲ ಪುಟದಲ್ಲೇ ಅನುಮಾನ ಹಿಡಿಯುತ್ತದೆ. ನನ್ನ ನೆನಪಿನಲ್ಲಿ ಅವತ್ತು ಸೋನೆ ಮಳೆ. ಅಕ್ಕನನ್ನು ಕೇಳಿದರೆ, ಮಳೆ ಬಂದಿದ್ದರೆ ಬೆಂಕಿ ಹತ್ತುತ್ತಿತ್ತೇ ಎನ್ನುತ್ತಾಳೆ. ಅವಳ ಮಾತೇ ಸರಿ. ಆದರೂ ಕಣ್ಣು ಮುಚ್ಚಿದರೆ ತಗಡಿನ ಮೇಲೆ ಹನಿ ಬೀಳುವ ಸದ್ದು ನನಗೆ ಕೇಳುತ್ತದೆ. ಕಾಲೇಜಿನಲ್ಲಿ ನಮಗೆ ಮೊದಲು ಕಲಿಸಿದ್ದೇ ಕಂಡದ್ದನ್ನೂ ಕಂಡೆನೆಂದುಕೊಂಡದ್ದನ್ನೂ ಬೇರೆಬೇರೆ ಬರೆದಿಡುವುದು. ಆಗ ಬರೆದಿಡಲಿಲ್ಲ. ಈಗ ಎರಡೂ ಕಲೆತುಹೋಗಿವೆ. ಕಲೆತದ್ದನ್ನೇ ಹೇಳುತ್ತೇನೆ.

ಯುದ್ಧಕ್ಕೆ ಮುಂಚಿನ ಮಾತು. ಬೆಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿ, ಕೆಲಸ ಸಿಗದೆ ಊರಿಗೆ ಬಂದು ಕೂತಿದ್ದೆ. ನಮ್ಮದು ಬಂಗಾರಪೇಟೆಯ ಪಕ್ಕದ ಹಳ್ಳಿ; ರಾಗಿ, ಹುರುಳಿ ಬೆಳೆಯುವ ಮನೆ. ಅಕ್ಕ ಗೌರಿಯನ್ನು ಗಣಿಯ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಮುನಿಶಾಮಪ್ಪನಿಗೆ ಕೊಟ್ಟಿತ್ತು. ಅದಿರು ಪರೀಕ್ಷೆ ಮಾಡುವ ಆಫೀಸಿನಲ್ಲಿ ಒಂದು ಜಾಗ ಖಾಲಿಯಾಗುತ್ತದೆ, ಬಂದು ನಮ್ಮನೆಯಲ್ಲಿರು, ದೊರೆಗಳ ಕಣ್ಣಿಗೆ ಬೀಳು ಎಂದು ಭಾವ ಹೇಳಿಕಳಿಸಿದ. ದೀಪಾವಳಿ ಕಳೆದ ಮೇಲೆ ಊರಿಗಾಂ ಸ್ಟೇಷನ್ನಿನಲ್ಲಿ ಇಳಿದೆ.

ಅವರಿದ್ದದ್ದು ಕೂಲಿ ಲೈನಿನಲ್ಲಿ. ಬಿದಿರುತಟ್ಟಿಗೆ ಮಣ್ಣು ಮೆತ್ತಿದ ಗೋಡೆ, ಮೇಲೆ ತಗಡು, ಒಂದೇ ಕೋಣೆ. ಮನೆ ಕಂಪನಿಯದು. ಕೆಲಸ ಇರುವ ತನಕ ಮನೆ, ಕೆಲಸ ಹೋದ ದಿನ ಬೀದಿ. ಆ ಲೈನಿನಲ್ಲಿ ಎಲ್ಲರ ಭಯವೂ ಅದೊಂದೇ ಆಗಿತ್ತು.

ಮನೆಯೊಳಗಿದ್ದದ್ದು ಮಾತ್ರ ಅಕ್ಕನದು. ಗಣಿಯವರು ಬಿಸಾಡಿದ್ದನ್ನೆಲ್ಲ ಅವಳು ಹೊತ್ತು ತಂದಿದ್ದಳು. ಡೈನಮೈಟ್ ಬರುತ್ತಿದ್ದ ಮರದ ಪೆಟ್ಟಿಗೆಗಳು ಗೋಡೆಯಲ್ಲಿ ಗೂಡಾಗಿದ್ದವು, ರಾಗಿ ಹಿಟ್ಟಿನ ಡಬ್ಬವಾಗಿದ್ದವು; ಒಂದಕ್ಕೆ ಹಗ್ಗ ಕಟ್ಟಿ ಮಗಳು ರತ್ನಿಗೆ ತೊಟ್ಟಿಲು ಮಾಡಿದ್ದಳು. ಮುರಿದ ಸಲಿಕೆಯ ಬಾಯಿ ರೊಟ್ಟಿ ಸುಡುವ ಹೆಂಚು. ಕಾರ್ಬೈಡ್ ಡಬ್ಬಕ್ಕೆ ತೂತು ಕೊರೆದು, ಮರ ಕೊಯ್ಯುವಲ್ಲಿಂದ ತಂದ ಹೊಟ್ಟು ತುಂಬಿ ಒಲೆ ಮಾಡಿದ್ದಳು. ಸೀಮೆಎಣ್ಣೆ ಟಿನ್ನನ್ನು ಉದ್ದುದ್ದ ಸೀಳಿ ಮಣ್ಣು ತುಂಬಿ ದೊಡ್ಡಪತ್ರೆ, ಪುದೀನ. ಅದಕ್ಕೆ ಮುಸುರೆ ತೊಳೆದ ನೀರು. ಮುಸುರೆಗೆ ಒಲೆಯ ಬೂದಿ. ಆ ಮನೆಯಿಂದ ಹೊರಗೆ ಹೋಗುತ್ತಿದ್ದದ್ದು ಹೊಗೆ ಮಾತ್ರ.

ನಾನು ಸುತ್ತಲೂ ನೋಡುತ್ತಿದ್ದದ್ದನ್ನು ಕಂಡು ಅಕ್ಕ ಅಂದಳು: “ಏನ್ಲಾ ಅಂಗೆ ನೋಡ್ತೀಯ? ನಿನ್ ಓದೂ ಕೆಲ್ಸಕ್ ಬಾರ್ದೆ ಬಿದ್ದೈತಂತಲ್ಲ. ಅದ್ನೂ ತಂದು ಇಲ್ಲಿಡು. ಏನಾನ ಮಾಡ್ತೀನಿ.”

ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಭಾವ ನಕ್ಕ. “ಉಸಾರು ಕಣಪ್ಪಾ. ನಾನು ಸತ್ರೆ ಸುಡಾಕೂ ಬಿಡಲ್ಲ ಇವ್ಳು. ನನ್ ಮೂಳೆ ಮ್ಯಾಲೆ ಬಟ್ಟೆ ಒಣಗಾಕ್ತಾಳೆ.”

“ನಿನ್ ಮೂಳೆ ಯಾರ್ಗ್ ಬೇಕು? ಬಟ್ಟೆಯೆಲ್ಲಾ ಎಂಡದ ವಾಸ್ನೆ ಒಡೀತದೆ.”

ಭಾವನ ಕುಡಿತ ತಮಾಷೆಯ ವಿಷಯವಾಗಿರಲಿಲ್ಲ. ಮದುವೆಯಲ್ಲಿ ಅಪ್ಪ ಹಾಕಿದ ಓಲೆ, ತಾಳಿಯ ಗುಂಡು ಒಂದೊಂದಾಗಿ ಹೆಂಡದಂಗಡಿಯ ಕಡೆಗೆ ನಡೆದಿದ್ದವು. ಉಳಿದಿದ್ದ ಕೆಂಪು ಕಲ್ಲಿನ ಮೂಗುಬೊಟ್ಟು ನಾನು ಹೋಗುವ ಹಿಂದಿನ ವರ್ಷ ನಲ್ಲಿಯ ಹತ್ತಿರ ಮುಖ ತೊಳೆಯುವಾಗ ಮೋರಿಗೆ ಬಿದ್ದು ಹೋಗಿತ್ತು. ಆ ಕಥೆಯನ್ನು ಪಕ್ಕದ ಮನೆಯ ಅಂಜಲೆ ನಗುತ್ತ ಹೇಳಿದಳು. ಅವಳು ತಮಿಳಿನವಳು, ಅವಳ ಗಂಡ ಸುರಂಗದೊಳಗೆ ಬಂಡೆ ಕೊರೆಯುವವನು.

“ಲೈನ್ ಹೆಂಗಸ್ರೆಲ್ಲಾ ಸೇರಿ ಮೋರಿ ಮಣ್ಣು ಜಾಲಿಸಿದ್ವಿ ತಂಬೀ. ಒಂದು ದಿವಸ ಪೂರಾ. ದೊರೆ ಮಣ್ಣು ಜಾಲಿಸಿದ್ರೆ ತಂಗಂ ಬರ್ತದೆ, ಚಿನ್ನ. ನಾವು ಜಾಲಿಸಿದ್ರೆ ಮೀನು ಮುಳ್ಳು!”

ಅವಳು ಹೇಳದೆ ಬಿಟ್ಟ ಭಾಗ ಅಕ್ಕನ ಹುಬ್ಬಿನ ಮೇಲಿತ್ತು. ಮೂಗುಬೊಟ್ಟು ಕಳೆದದ್ದಕ್ಕೆ ಭಾವ ಹೊಡೆದಿದ್ದ. ಗಾಯ ಮಾಗಿ ಬಿಳಿಯ ಗೆರೆಯಾಗಿತ್ತು.

ಇನ್ನು ಬೊಂತೆಯ ವಿಷಯ. ಹಳೆಯ ಸೀರೆ, ಗೋಣಿ, ಪಂಚೆಯ ಚೂರುಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ದಪ್ಪ ಹೊದಿಕೆ ಅದು. ನಡುವಿನ ಪದರ ಕರಿ ಕಂಬಳಿಯದು. ಅಮ್ಮ ಹೊದೆಯುತ್ತಿದ್ದ ಕಂಬಳಿ ಅದು, ಮದುವೆಯಲ್ಲಿ ಕೊಟ್ಟು ಕಳಿಸಿದ್ದು ಎಂದು ಅಕ್ಕ ಹೇಳಿದ್ದಳು. ಅಮ್ಮ ಅದನ್ನು ಹೊದ್ದು ಹಿತ್ತಿಲಲ್ಲಿ ಕೂತದ್ದು ನನಗೂ ನೆನಪಿದೆ. ಅಥವಾ ಅಕ್ಕ ಹೇಳಿದ ಮೇಲೆ ನೆನಪಾಯಿತೋ ಏನೋ. ಕೋಲಾರದ ಧನುರ್ಮಾಸದ ಚಳಿಯಲ್ಲಿ ಆ ಬೊಂತೆ ಮನೆಯ ಇನ್ನೊಂದು ಗೋಡೆಯಿದ್ದ ಹಾಗೆ. ತಾಯಿ, ಮಗು ಅದರ ಕೆಳಗೆ. ಒಂದು ಅಂಚು ಭಾವನಿಗೆ. ಅಕ್ಕ ಅದನ್ನು ಬಿಸಿಲಿಗೆ ಹಾಕಿದರೆ ಪಕ್ಕದಲ್ಲೇ ಕೂತು ಕಾಯುತ್ತಿದ್ದಳು. ಬೊಂತೆಗೂ ಕಾವಲೇ ಎಂದು ನಾನು ನಗುತ್ತಿದ್ದೆ.

ಭಾವನ ಕೆಲಸವೂ ಕಂಬಳಿಯದೇ. ಮಿಲ್ಲಿನಲ್ಲಿ ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಕುಟ್ಟಿ, ನೀರಿನಲ್ಲಿ ಕಲಸಿ, ಇಳಿಜಾರು ಹಲಗೆಗಳ ಮೇಲೆ ಹರಿಸುತ್ತಿದ್ದರು. ಹಲಗೆಗೆ ಕಂಬಳಿ ಹಾಸಿರುತ್ತಿತ್ತು. ಮಣ್ಣು ಹರಿದು ಹೋಗುತ್ತದೆ, ತೂಕದ ಚಿನ್ನ ಉಣ್ಣೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಕಂಬಳಿಗಳನ್ನು ಎತ್ತಿ ತೊಟ್ಟಿಯಲ್ಲಿ ಜಾಡಿಸಿ ತೊಳೆದು ಮತ್ತೆ ಹಾಸುವುದು ಭಾವನ ಕೆಲಸ. ಕಂಬಳಿ ಸವೆದರೂ ಎಸೆಯುತ್ತಿರಲಿಲ್ಲ. ಸುಟ್ಟು, ಬೂದಿಯನ್ನು ಜಾಲಿಸಿ, ಎಳೆಯೊಳಗೆ ಉಳಿದ ಚಿನ್ನವನ್ನೂ ತೆಗೆಯುತ್ತಿದ್ದರು. ಇಡೀ ಗಣಿಯಲ್ಲಿ ಅಕ್ಕನಷ್ಟು ಜಿಪುಣತನದಿಂದ ಸಂಸಾರ ನಡೆಸುತ್ತಿದ್ದದ್ದು ಆ ಮಿಲ್ಲು ಒಂದೇ. ಆದರೆ ಭಾವ ಮಿಲ್ಲಿನೊಳಗಿನ ಮಾತನ್ನು ಮನೆಗೆ ತರುತ್ತಿರಲಿಲ್ಲ. ಅಲ್ಲಿ ಕಂಬಳಿ ಸುಡುತ್ತಾರೆಂದು ಅಕ್ಕನಿಗೆ ಗೊತ್ತಿತ್ತು. ಸುಟ್ಟ ಮೇಲೆ ಏನು ಮಾಡುತ್ತಾರೆಂದು ಗೊತ್ತಿರಲಿಲ್ಲ.

ಸಂಕ್ರಾಂತಿಗೆ ಮುಂಚೆ ಮಿಲ್ಲಿನಿಂದ ಒಂದು ಹಳೆಯ ಕಂಬಳಿ ಕಾಣೆಯಾಯಿತು. ಕಂಬಳಿ ತೊಳೆಯುವವರ ಮನೆಗಳನ್ನೆಲ್ಲ ಶೋಧಿಸಲು ಹೇಳಿಕೆಯಾಯಿತು. ಬೆಳಿಗ್ಗೆ ಕಾವಲು ಜಮಾದಾರ ಬಂದ. ಉತ್ತರದ ಕಡೆಯವನು, ಪಲ್ಟನ್ನಿನಲ್ಲಿದ್ದು ಬಂದವನು, ಅರ್ಧ ಹಿಂದೂಸ್ತಾನಿ ಅರ್ಧ ಕನ್ನಡ. ಅವನ ಹಿಂದೆ ಬೆತ್ತ ಹಿಡಿದ ಒಬ್ಬ ದೊರೆ.

ಜಮಾದಾರ ಗೂಡಿನ ಮೇಲೆ ಕೋಲು ಬಡಿದ. “ಯೇ ಕ್ಯಾ? ಇದು ಕಂಪನಿ ಪೆಟ್ಟಿ.”

“ಬಿಸಾಕಿದ್ದು ಸಾಮೀ,” ಅಂದಳು ಅಕ್ಕ.

“ಬಿಸಾಕಿದ್ದು ಭೀ ಕಂಪನಿದು.”

ಅಷ್ಟಕ್ಕೆ ಬಿಟ್ಟು ತೊಟ್ಟಿಲ ಬಳಿ ಹೋದ. ಮಗುವಿನ ಮೇಲಿದ್ದ ಬೊಂತೆಯನ್ನು ಎತ್ತಿ ಹಿಸುಕಿ ನೋಡಿದ. ಚಾಕುವಿನಿಂದ ಮೂಲೆ ಕೊಯ್ದ. ಸೀರೆಯ ಪದರದ ಕೆಳಗೆ ಕರಿ ಉಣ್ಣೆ ಕಾಣಿಸಿತು. ದೊರೆ ಏನೋ ಹೇಳಿದ. ಜಮಾದಾರ ಅದನ್ನು ಎಲ್ಲರಿಗೂ ಕೇಳುವಂತೆ ಕೂಗಿದ: ಬೊಂತೆ ಸುಡುವುದು. ಚಿನ್ನ ಬರದಿದ್ದರೆ ಏನೂ ಇಲ್ಲ, ಮುನಿಶಾಮಿ ನಾಳೆ ಕೆಲಸಕ್ಕೆ ಬರಬಹುದು. ಬಂದರೆ ಮನೆ ಖಾಲಿ, ಮುನಿಶಾಮಿ ಕೋರ್ಟಿಗೆ.

ಭಾವನಿಗೆ ಭಯವೇ ಇರಲಿಲ್ಲ. ನೆರೆದವರ ಕಡೆ ತಿರುಗಿ ಹಲ್ಲು ಕಿರಿದ. “ಸುಡ್ಲಿ ಬಿಡು. ನಮ್ಮತ್ತೆ ಕಂಬ್ಳಿ ಅದು. ಅದ್ರಾಗೆ ಚಿನ್ನ ಬಂದ್ರೆ ನಮ್ಮಾವನ್ ಕುರಿಯೆಲ್ಲಾ ಚಿನ್ನದವೇ.”

ಅಕ್ಕ ಬೊಂತೆಯ ತುದಿ ಹಿಡಿದುಕೊಂಡಳು. “ಬ್ಯಾಡ ಸಾಮೀ. ಮಗೂದು. ನಾನೇ ಬಿಚ್ಚಿ ತೋರುಸ್ತೀನಿ. ಒಂದೊಂದು ಪದ್ರಾನೂ ಬಿಚ್ತೀನಿ, ನೋಡಿ.”

“ಛೋಡ್ ದೋ.”

“ಒಂದೇ ಗಳಿಗೆ. ಒಳೀಕ್ ಓಗಿ ಬಿಚ್ಕೊಂಡ್ ಬತ್ತೀನಿ.”

“ಏನೇ ನಿಂದು?” ಎಂದು ಭಾವ ಗದರಿದ. “ಬಿಡು ಅಂದ್ರೆ ಬಿಡು. ಕದ್ದೋಳ್ ತರ ಆಡ್ಬ್ಯಾಡ.”

ಅಕ್ಕ ಅವನ ಮುಖ ನೋಡಿದಳು. ಬಾಯಿ ತೆರೆದಳೆಂದೂ ನೆನಪು. ಆಮೇಲೆ ಬೊಂತೆ ಬಿಟ್ಟಳು.

ಕುಲುಮೆಯಿಂದ ಇದ್ದಲು ತಂದು ಅರ್ಧ ಡ್ರಮ್ಮಿನಲ್ಲಿ ಸುರಿದು, ಬೊಂತೆಯನ್ನು ಸುರುಳಿ ಮಾಡಿ ಅದರೊಳಗೆ ತುರುಕಿ, ಸೀಮೆಎಣ್ಣೆ ಹಾಕಿದರು. ಮೊದಲು ಸೀರೆ ಉರಿಯಿತು. ಆಮೇಲೆ ಗೋಣಿ. ಕಂಬಳಿಗೆ ಬೇಗ ಬೆಂಕಿ ಹತ್ತಲಿಲ್ಲ, ಕುದಿದು ಹೊಗೆಯಾಡಿತು. ಜನ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಅಕ್ಕ ಸರಿಯಲಿಲ್ಲ. ಎಲ್ಲಿಂದಲೋ ಮೊರವೊಂದನ್ನು ತಂದು ಡ್ರಮ್ಮಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಬೂದಿಯನ್ನೂ ಬಿಡಲ್ಲ ನೋಡು, ಪಾತ್ರೆ ತಿಕ್ಕೋಕೆ ಆಗ್ತದೆ ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ಬೆಂಕಿ ಕೂತ ಮೇಲೆ ಜಮಾದಾರ ನೀರು ತರಿಸಿದ. ಅಗಲ ಬಾಯಿಯ ಕಬ್ಬಿಣದ ಬಾಣಲೆ ತರಿಸಿದ. ಬೂದಿಯನ್ನು ಅದಕ್ಕೆ ಸುರಿಸಿದಾಗ ಅಕ್ಕ ಎದ್ದು ನಿಂತಳು.

“ಏನ್ ಮಾಡ್ತಾರ್ಲಾ ಅದು?” ಎಂದು ನನ್ನನ್ನು ಕೇಳಿದಳು.

“ಜಾಲಿಸ್ತಾರೆ. ಚಿನ್ನ ಇದ್ರೆ ತಳದಲ್ಲಿ ನಿಲ್ಲುತ್ತೆ.”

ಅವಳ ಕೈಯ ಮೊರ ಕೆಳಗೆ ಬಿತ್ತು.

ಕಪ್ಪು ನೀರು ಅಂಚಿನಿಂದ ಚೆಲ್ಲುತ್ತ ಹೋಯಿತು. ಕೊನೆಗೆ ತಳದಲ್ಲಿ ಒಂದೇ ಒಂದು ಕಾಳು ಉಳಿಯಿತು. ಹಳದಿ. ಜಮಾದಾರ ಅದನ್ನು ಉಗುರಿನಲ್ಲಿ ಎತ್ತಿ ಅಂಗೈ ಮೇಲಿಟ್ಟುಕೊಂಡ.

ಇಲ್ಲಿ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ ಅದು ಸಾಸಿವೆಯಂತೆ ಗುಂಡಗಿದೆ. ಇನ್ನೊಂದರಲ್ಲಿ ಚಪ್ಪಟೆ, ಒಂದು ಬದಿಯಲ್ಲಿ ಮೊಂಡು ತಿರುಪಿನ ಹಾಗೇನೋ ಇದೆ. ಬಟ್ಟೆಯ ಬೆಂಕಿಗೆ ಚಿನ್ನ ಕರಗುವುದಿಲ್ಲ. ಆದರೆ ಕೆಳಗೆ ಕುಲುಮೆಯ ಇದ್ದಲು ಇತ್ತು. ಬಡವರ ಮೂಗಿನ ಚಿನ್ನದಲ್ಲಿ ತಾಮ್ರವೇ ಹೆಚ್ಚು, ಬೆಸುಗೆಯಂತೂ ಬೇಗ ಇಳಿಯುತ್ತದೆ. ಗಾಜಿನ ಕೆಂಪು ಕಲ್ಲು ಬೆಂಕಿಯಲ್ಲಿ ಒಡೆದು ಕಪ್ಪು ನೀರಿನ ಜೊತೆ ಹೋಗಿರಬೇಕು. ಗುಂಡಗೂ ಆಗಿರಬಹುದು, ಆಗದೆಯೂ ಇರಬಹುದು. ಗುಂಡಗಿದ್ದರೆ ಅದನ್ನು ಯಾರೂ ಗುರುತಿಸಲು ಸಾಧ್ಯವಿರಲಿಲ್ಲ. ಚಪ್ಪಟೆಯಿದ್ದರೆ ಅಲ್ಲಿದ್ದವರೆಲ್ಲ ಕಣ್ಣಿದ್ದೂ ನೋಡಲಿಲ್ಲ ಎಂದಾಯಿತು.

“ಅದು ನಂದು!” ಅಕ್ಕ ಜಮಾದಾರನ ಕೈ ಹಿಡಿಯಲು ಹೋದಳು. “ನನ್ ಮೂಗ್‌ಬೊಟ್ಟು ಸಾಮೀ! ಮೋರೀಗ್ ಬಿದ್ದಿಲ್ಲ. ಸುಳ್ಳೇಳಿದ್ದೆ. ಕುಡ್ದಾಕ್ತಾನೆ ಅಂತ ಬೊಂತೇಲಿಟ್ಟು ಒಲಿಗೆ ಆಕಿದ್ದೆ!”

ಒಡವೆ ಇಟ್ಟುಕೊಳ್ಳುವುದು ಅಪರಾಧವಲ್ಲ. ಒಡವೆಯ ಆಕಾರವಿಲ್ಲದ ಚಿನ್ನ ಗಣಿಯ ಕೂಲಿಯ ಮನೆಯಲ್ಲಿ ಸಿಕ್ಕರೆ ಅದು ಕಳವು. ಎಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ಜಮಾದಾರ ಅಂಗೈಯನ್ನು ಭಾವನ ಮುಂದೆ ಚಾಚಿದ.

“ಸಚ್ ಬೋಲೋ. ಇದು ನಿನ್ನ ಔರತ್‌ದು?”

ಭಾವ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. “ಇಲ್ಲ ಸಾಮೀ,” ಅಂದ. “ಅವ್ಳದು ಓದೊರ್ಸ ಮೋರೀಗ್ ಬಿತ್ತು. ಲೈನೆಲ್ಲಾ ಉಡುಕೈತೆ. ಅದುಕ್ಕೇ ಒಡ್ದೂ ಇವ್ನಿ. ಬೇಕಾರೆ ಇವ್ಳ ಉಬ್ಬು ನೋಡಿ.”

ಅಂಜಲೆ ಮುಂದೆ ಬಂದಳು. ಪಕ್ಕದ ಮನೆಯವನ ಮಾತಿಗೆ ಸಾಕ್ಷಿ ಹೇಳಿದರೆ ಉಪಕಾರವಾಗುತ್ತದೆ ಎಂದುಕೊಂಡಿದ್ದಳು. “ಆಮಾ ಸಾಮೀ, ನಿಜ. ಮೋರಿ ಮಣ್ಣು ನಾನೇ ಜಾಲಿಸಿದ್ದು.” ಅವಳ ಹಿಂದೆ ಇನ್ನೂ ನಾಲ್ಕಾರು ಹೆಂಗಸರು ಹೌದು ಹೌದು ಎಂದರು. ಅಷ್ಟು ಜನ ಒಂದೇ ಸುಳ್ಳನ್ನು ಅಷ್ಟು ಪ್ರಾಮಾಣಿಕವಾಗಿ ಹೇಳಿದ್ದನ್ನು ನಾನು ಮತ್ತೆಂದೂ ಕೇಳಿಲ್ಲ.

ಆಗ ನಾನು ದೊರೆಯ ಮುಂದೆ ಹೋಗಿ ಇಂಗ್ಲಿಷಿನಲ್ಲಿ ಮಾತಾಡಿದೆ. ಮಿಲ್ಲಿನ ಕಂಬಳಿಯಾಗಿದ್ದರೆ ಪುಡಿ ಪುಡಿಯಾಗಿ ಚಿನ್ನ ಬರಬೇಕಿತ್ತು, ಒಂದೇ ಕಾಳು ಬರುವುದಿಲ್ಲ ಎಂದೆ. ದೊರೆ ನಗುತ್ತ, ನಮ್ಮ ಕಂಬಳಿಯಿಂದ ಚಿನ್ನ ಹೇಗೆ ಬರುತ್ತದೆಂದು ನಿನಗೆ ಚೆನ್ನಾಗಿ ಗೊತ್ತಿದೆಯಲ್ಲ ಎಂದ. ಆ ನಗು, ಅವನ ಹಲ್ಲಿನ ಹೊಗೆಸೊಪ್ಪಿನ ಕಲೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಕ್ಕ ಹೇಳುವುದೇ ಬೇರೆ. ನಾನು ಮಗುವನ್ನು ಎತ್ತಿಕೊಂಡು ಕಂಬದಂತೆ ನಿಂತಿದ್ದೆನಂತೆ. ಬಾಯಿಯೇ ಬಿಡಲಿಲ್ಲವಂತೆ. “ನೀನ್ ಇಂಗ್ಲೀಸಲ್ಲಿ ಮಾತಾಡಿದ್ರೆ ನಂಗ್ ನೆನಪಿರ್ತಿರ್ಲಿಲ್ವಾ?” ಎನ್ನುತ್ತಾಳೆ. ಅಳಿಸಿಹೋದ ನೆನಪು ಯಾರದು, ಕಟ್ಟಿಕೊಂಡ ನೆನಪು ಯಾರದು ಎಂದು ತೀರ್ಮಾನಿಸಲು ಮೂರನೆಯ ಸಾಕ್ಷಿಯಿಲ್ಲ. ಆಫೀಸಿನ ಜಾಗ ನನಗೆ ಸಿಗಲಿಲ್ಲ ಎನ್ನುವುದು ಮಾತ್ರ ಖಂಡಿತ. ಕಳ್ಳನ ಭಾವಮೈದುನನಿಗೆ, ಮಾತಾಡಿರಲಿ ಬಿಡಲಿ, ಚಿನ್ನ ತೂಗುವ ಕೆಲಸ ಯಾರು ಕೊಡುತ್ತಾರೆ?

ಭಾವನನ್ನು ಅಲ್ಲಿಂದಲೇ ಕರೆದುಕೊಂಡು ಹೋದರು. ಕೋರ್ಟಿನಲ್ಲೂ ಅಕ್ಕ ಒಬ್ಬಳೇ ಒಂದು ಕಡೆ, ಲೈನಿನ ಹೆಂಗಸರೆಲ್ಲ ಇನ್ನೊಂದು ಕಡೆ. ಗಂಡನನ್ನು ಬಿಡಿಸಿಕೊಳ್ಳಲು ಹೆಂಡತಿ ಕಟ್ಟಿದ ಕಥೆ ಎಂದು ತೀರ್ಪಾಗಿ ಅವನಿಗೆ ಜೈಲಾಯಿತು. ಕಾಣೆಯಾದ ಕಂಬಳಿ ಆಮೇಲೆ ಸಿಕ್ಕಿತೋ ಇಲ್ಲವೋ ಯಾರೂ ಹೇಳಲಿಲ್ಲ.

ಮನೆ ಖಾಲಿ ಮಾಡಿಸಲು ಜಮಾದಾರನೇ ಬಂದ. ಒಂದೊಂದು ಸಾಮಾನನ್ನೂ ಹೊರಗೆ ತರಿಸಿ ಕೋಲಿನಿಂದ ಮುಟ್ಟಿದ. ಗೂಡು ಕಂಪನಿದು. ಒಲೆ ಕಂಪನಿದು. ಹೆಂಚು ಕಂಪನಿದು. ತೊಟ್ಟಿಲನ್ನು ಮುಟ್ಟಿದಾಗ ಅದರಲ್ಲಿ ರತ್ನಿ ಮಲಗಿದ್ದಳು. “ಬಚ್ಚಾ ತೆಗಿ,” ಅಂದ. ಅಕ್ಕ ಮಗುವನ್ನು ಎತ್ತಿಕೊಂಡ ಮೇಲೆ ಹಗ್ಗ ಕೊಯ್ದರು. ಕೊನೆಗೆ ನಮ್ಮದೆಂದು ಉಳಿದದ್ದು ಎರಡು ಮಡಕೆ, ಬೀಸುವ ಕಲ್ಲು, ಉಟ್ಟ ಬಟ್ಟೆ. ಕಂಪನಿಯ ಸಾಮಾನನ್ನು ಕಂಪನಿ ಏನು ಮಾಡಿತು? ಗಾಡಿಗೆ ಹೇರಿ, ಅಕ್ಕ ಅವನ್ನು ಆಯ್ದು ತಂದಿದ್ದ ಅದೇ ಕಸದ ಗುಡ್ಡೆಗೆ ಸುರಿಸಿತು. ನಾವು ಸ್ಟೇಷನ್ನಿಗೆ ನಡೆದು ಹೋಗುವಾಗ ಹೆಂಗಸರು ಆಗಲೇ ಅಲ್ಲಿ ಸೇರಿದ್ದರು. ಅಂಜಲೆಯ ಕಂಕುಳಲ್ಲಿ ಪುದೀನದ ಟಿನ್ನು ಇತ್ತು. ನಮ್ಮನ್ನು ಕಂಡು ಅವಳು ಅತ್ತಳು. ಟಿನ್ನು ಕೆಳಗಿಡಲಿಲ್ಲ.

ಭಾವ ಬಿಡುಗಡೆಯಾಗಿ ನಮ್ಮ ಹಳ್ಳಿಗೆ ಬಂದದ್ದು ಮಳೆಗಾಲ ಮುಗಿದು ರಾಗಿ ತೆನೆ ಬಿಡುವ ಹೊತ್ತಿನಲ್ಲಿ. ಕಳವಿನ ಹೆಸರು ಬಂದಿದ್ದರಿಂದ ಗಣಿಯಲ್ಲಿ ಯಾರೂ ಸೇರಿಸುವಂತಿರಲಿಲ್ಲ. ನಮ್ಮ ಮನೆಯಲ್ಲಿದ್ದುಕೊಂಡು ಹೊಲದ ಕೆಲಸ ಮಾಡಲಿ ಎಂದು ಅಪ್ಪ ಮೊದಲೇ ಒಪ್ಪಿದ್ದ. ಅಕ್ಕನೂ ಒಪ್ಪಿದ್ದಳು. ಅಷ್ಟು ತಿಂಗಳು ಅವಳು ತನ್ನನ್ನೇ ಬೈದುಕೊಂಡಿದ್ದಳು. ನಾನು ಬಚ್ಚಿಟ್ಟೆ, ಅವನು ಪಾಪ ಗೊತ್ತಿಲ್ಲದೆ ಸತ್ಯ ಅಂದುಕೊಂಡು ಹೇಳಿದ, ನನ್ನ ಸುಳ್ಳಿಗೆ ಅವನು ಜೈಲಿಗೆ ಹೋದ ಎಂದು. ಬಂದ ಮೇಲೆ ಕಾಲು ಹಿಡಿದು ಕೇಳಿಕೊಳ್ಳುತ್ತೇನೆ ಎಂದೂ ಅಮ್ಮನ ಹತ್ತಿರ ಅಂದಿದ್ದಳು.

ಅವನು ಬಂದು ಕೂತ. ತಲೆ ಬೋಳಿಸಿದ್ದರು, ಸೊರಗಿದ್ದ. ಅಕ್ಕ ಮುದ್ದೆ ಬಡಿಸಿ, ಎದುರಿಗೆ ಕೂತು, ತಪ್ಪಾಯಿತು ಎಂದು ಶುರು ಮಾಡಿದಳು. “ನಾನೇಳಿದ್ರೆ ನಿಂಗ್ ಗೊತ್ತಾಗ್ತಿತ್ತು. ನಿಂಗೊತ್ತಿದ್ರೆ ನೀನು ಅವತ್ತು...”

“ಗೊತ್ತಾಯ್ತು,” ಅಂದ ಭಾವ.

“ಏನು?”

“ಅವ್ನ ಕೈಮ್ಯಾಲ್ ನೋಡ್ದಾಗ್ಲೇ ಗೊತ್ತಾಯ್ತು. ನಿನ್ ಮೂಗ್‌ಬೊಟ್ಟೇ. ತಿರುಪು ಅಂಗೇ ಇತ್ತು.” ಮುದ್ದೆ ಮುರಿದು ಸಾರಿಗೆ ಅದ್ದಿದ. “ಒಂದೊರ್ಸ ನನ್ನ ಕೋತಿ ಮಾಡಿದ್ಯಲ್ಲಾ ಅಂತ ಒಟ್ಟೆ ಉರೀತು. ಬೊಂತೇಲಿಟ್ಟೋಳು ನಾನೇ ಅಂತ ಕೂಗಿದ್ಯಲ್ಲಾ, ಇಲ್ಲ ಅಂದ್ರೆ ನಿನ್ನ ಇಡ್ಕಂಡೋಯ್ತಾರೆ ಅಂದ್ಕೊಂಡೆ. ನನ್ನೇ ಇಡ್ಕಂಡೋದ್ರು.”

ನಾನು ಆ ಮಾತನ್ನು ಇವತ್ತಿಗೂ ಪೂರ್ತಿ ನಂಬಿಲ್ಲ. ಹೆಂಡತಿಯ ಮೂಗಿನ ಒಡವೆಯನ್ನು ಗುರುತಿಸಲಾಗದೆ ಜೈಲಿಗೆ ಹೋದ ಪೆದ್ದ ಎನ್ನಿಸಿಕೊಳ್ಳುವುದಕ್ಕಿಂತ, ಗುರುತಿಸಿಯೂ ಹೋದವನು ಎನ್ನಿಸಿಕೊಳ್ಳುವುದು ಅವನಿಗೆ ಮೇಲಾಗಿ ಕಂಡಿರಬಹುದು. ಜೈಲಿನಲ್ಲಿ ಕೂತು ಯೋಚಿಸುತ್ತ ಯೋಚಿಸುತ್ತ ಅವನ ನೆನಪೂ ತಿರುಪು ಕಟ್ಟಿಕೊಂಡಿರಬಹುದು. ಇದನ್ನೆಲ್ಲ ಆಮೇಲೆ ಅಕ್ಕನಿಗೆ ಹೇಳಿ ನೋಡಿದೆ. ಅವಳಿಗೆ ನನ್ನ ಅನುಮಾನಗಳು ಬೇಕಿರಲಿಲ್ಲ. ಅವಳು ಗಂಡನ ಮಾತನ್ನು ನಂಬಿದಳು.

ಅವತ್ತು ಅವಳು ಕೂಗಾಡಲಿಲ್ಲ. ಅವನ ಮುದ್ದೆ ಮುಗಿಯುವ ತನಕ ನೋಡುತ್ತ ಕೂತಿದ್ದಳು.

“ಇನ್ನೊಂದಾಕ್ಲಾ?”

“ಆಕು.”

ಅಕ್ಕ ಇನ್ನೊಂದು ಮುದ್ದೆ ಹಾಕಿ, ಮೇಲೆ ಸಾರು ಬಿಟ್ಟಳು. “ಒಟ್ಟೆ ತುಂಬಾ ಉಣ್ಣು,” ಅಂದಳು. “ನಾಳೆಯಿಂದ ಈ ಮನೇಲಿ ನಿಂಗ್ ಇಟ್ಟು ಇಲ್ಲ.”

ಅವನು ಅದನ್ನೂ ಉಂಡ. ಕೈ ತೊಳೆದು, ಟವಲು ಹೆಗಲಿಗೆ ಹಾಕಿಕೊಂಡು, ಮಗಳ ಕಡೆ ಒಮ್ಮೆ ನೋಡಿ ಹೊರಟ. ಅಪ್ಪ ಹಿಂದೆ ಓಡಿಹೋಗಿ ಕರೆದ. ಅಕ್ಕ ಒಳಗಿನಿಂದ ಕದ ಹಾಕಿಕೊಂಡಳು.